ಲಗ್ನದ ಹಂಗಾಮಿನಲ್ಲಿ ವಿಚಾರಿಸಿದ ಪಗಾರ

ಮಾನ್ಯ ಕುಲಸಚಿವರೇ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಬಿ.ಎಸ್ಸಿ. ಮೊದಲ ವರ್ಷದ ಹುಡುಗಿಯೊಬ್ಬಳು ವಿಶ್ವವಿದ್ಯಾಲಯದ ಕುಲಸಚಿವರಿಗೆ, ಅದೂ ಪತ್ರಿಕೆಯಲ್ಲಿ ಊರೆಲ್ಲ ಓದುವಂತೆ, ಪತ್ರ ಬರೆಯುವುದು ಅಧಿಕಪ್ರಸಂಗವೆಂದು ನನಗೂ ಗೊತ್ತು. ಇಂಗ್ಲಿಷಿನಲ್ಲಿ ಬರೆದರೆ ತೂಕ ಹೆಚ್ಚೆಂದು ಮೊದಲು ಹಾಗೆ ಶುರು ಮಾಡಿದೆ. ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಒಂದೇ ಸಾಲಿನಲ್ಲಿ ಎರಡು ಸಲ ಗೌರವ ಕೊಟ್ಟ ಮೇಲೆ ಹೇಳಬೇಕಾದದ್ದೇ ಮರೆತುಹೋಯಿತು. ಆರನೆಯ ತರಗತಿಯಿಂದ ವಸತಿ ಶಾಲೆ, ಈಗ ಹಾಸ್ಟೆಲ್. ನನ್ನ ಇಂಗ್ಲಿಷ್ ರಜಾ ಅರ್ಜಿಯಷ್ಟೇ ಉದ್ದ. ನನ್ನ ಕನ್ನಡ ಅರ್ಧ ಪಠ್ಯಪುಸ್ತಕದ್ದು, ಅರ್ಧ ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಕಲಿತದ್ದು. ಎರಡನ್ನೂ ಸಹಿಸಿಕೊಳ್ಳಬೇಕು.

ದೂರು ಇಷ್ಟೇ: ಈ ವರ್ಷ ನಿಮ್ಮ ಕಚೇರಿ ಹೊರತಂದ ‘ಪದವಿಯ ಪ್ರತಿಫಲ’ ಎಂಬ ಬಣ್ಣದ ಪುಸ್ತಿಕೆ ನನ್ನನ್ನು ಕಾಲೇಜು ಬಿಡಿಸಲು ಹೊರಟಿದೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಓದಿದವರು ಎಷ್ಟು ಗಳಿಸುತ್ತಾರೆ, ಓದಿಗೆ ಸುರಿದ ದುಡ್ಡು ಎಷ್ಟು ವರ್ಷದಲ್ಲಿ ತಿರುಗಿ ಬರುತ್ತದೆ ಎಂದು ಅದರಲ್ಲಿ ಕೋರ್ಸಿಗೊಂದರಂತೆ ಚಿತ್ರ ಬಿಡಿಸಿದ್ದೀರಿ. ಗಂಡುಮಕ್ಕಳದು ನೀಲಿ ಕಂಬ, ಹೆಣ್ಣುಮಕ್ಕಳದು ಗುಲಾಬಿ. ಬಿ.ಎಸ್ಸಿ.ಯ ಗುಲಾಬಿ ಕಂಬ ಎಷ್ಟು ಗಿಡ್ಡವೆಂದರೆ, ಅಂಕಿ ಅದರೊಳಗೆ ಹಿಡಿಸದೆ ಹೊರಗೊಂದು ಬಾಣ ಎಳೆದು ಬರೆದಿದ್ದೀರಿ. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಹೂಡಿಕೆಯ ಮೇಲಿನ ಪ್ರತಿಫಲ ನಗಣ್ಯ.’ ಆ ಬಾಣ ನೆಟ್ಟಗೆ ಬಂದು ತೇರದಾಳದ ಹತ್ತಿರದ ನಮ್ಮ ಮನೆಗೆ ನಾಟಿದೆ.

ನೇರವಾಗಿ ಕಚೇರಿಗೆ ಬರಬಹುದಿತ್ತಲ್ಲ ಎನ್ನುತ್ತೀರಿ. ಬಂದಿದ್ದೆ. ಕಿಟಕಿಯ ಒಳಗಿದ್ದವರು ಮೊಬೈಲಿನಿಂದ ತಲೆ ಎತ್ತದೆ, ‘ಪುಸ್ತಿಕೆಯ ಹಿಂದೆ ನಂಬರ್ ಐತಲ್ಲ, ಅದಕ್ಕ ಫೋನ್ ಹಚ್ಚರಿ’ ಎಂದರು. ಆ ನಂಬರನ್ನು ನಾನು ಅದಕ್ಕೂ ಮೊದಲೇ ಹಚ್ಚಿ ನೋಡಿದ್ದೆ. ಅದರ ಕತೆ ಹೇಳದೆ ನನ್ನ ದೂರು ಅರ್ಥವಾಗುವುದಿಲ್ಲ. ಅದಕ್ಕೇ ಹೋದ ವರ್ಷದಿಂದ ಶುರು ಮಾಡುತ್ತೇನೆ.

ಹೋದ ವರ್ಷ ನನ್ನ ಪಿಯುಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಕಬ್ಬಿನ ಹಂಗಾಮು ಕೊನೆಗೆ ಬಂದಿತ್ತು, ಲಗ್ನದ ಹಂಗಾಮು ಶುರುವಾಗಿತ್ತು. ನಮ್ಮ ಮನೆಯಲ್ಲಿ ನಿಮ್ಮ ವಿಶ್ವವಿದ್ಯಾಲಯದ ಪದವೀಧರರು ಇಬ್ಬರಿದ್ದಾರೆ. ಅಣ್ಣ ಶಿವಪುತ್ರ ಬಿ.ಕಾಂ.; ಬನಹಟ್ಟಿಯ ನೂಲಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅಕ್ಕ ಭಾಗ್ಯಾ ಬಿ.ಎಸ್ಸಿ.; ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುತ್ತಾಳೆ. ಇಬ್ಬರಲ್ಲಿ ಹೆಚ್ಚು ಪಗಾರ ಅಕ್ಕನದು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಜೋರಾಗಿ ಹೇಳುವುದಿಲ್ಲ. ಉಳಿದದ್ದು ಅಪ್ಪ ಸಾಬಣ್ಣನ ಕುರಿ ಹಿಂಡು ಮತ್ತು ಅಪ್ಪನ ತಾಯಿ, ನಮ್ಮ ಆಯಿ, ಸಾತವ್ವನ ಕಾರುಬಾರು.

ನಿಮ್ಮ ಪುಸ್ತಿಕೆ ಮಾಡಿದವರಿಗೆ ನಮ್ಮ ಕಡೆಯ ಒಂದು ಪದ್ಧತಿ ಗೊತ್ತಿಲ್ಲವೆಂದು ಕಾಣುತ್ತದೆ. ಇಲ್ಲಿ ಕನ್ಯಾ ಕಡೆಯವರು ನೇರವಾಗಿ ಬಂದು ‘ಹುಡುಗನ ಪಗಾರ ಎಷ್ಟು?’ ಎಂದು ಕೇಳುವುದಿಲ್ಲ. ಮೊದಲು ಗುರುತಿಲ್ಲದ ಒಂದು ದನಿಯಿಂದ ಫೋನು ಬರುತ್ತದೆ. ಅದು ಬ್ಯಾಂಕಿನವರ ಹಾಗೆ, ವಿಮೆಯವರ ಹಾಗೆ, ಕೆಲವೊಮ್ಮೆ ಸರಕಾರದವರ ಹಾಗೆಯೇ ಮಾತಾಡುತ್ತದೆ. ಹುಡುಗ ಎಲ್ಲಿದ್ದಾನೆ, ನೌಕರಿ ಖಾಯಮ್ಮೋ ಅಲ್ಲವೋ, ಕೈಗೆಷ್ಟು ಬರುತ್ತದೆ ಎಂದು ಕೇಳಿಕೊಂಡು ಇಟ್ಟುಬಿಡುತ್ತದೆ. ಅದು ಯಾಕೆ ಬಂತೆಂದು ಎರಡೂ ಕಡೆಗೆ ತಿಳಿದಿರುತ್ತದೆ. ತಿಳಿದಿಲ್ಲದ ಹಾಗೆ ನಡೆದುಕೊಳ್ಳುವುದೇ ಮರ್ಯಾದೆ. ಆಮೇಲೆ ಮಂದಿ ಬರುತ್ತಾರೆ, ಅವಲಕ್ಕಿ ಚಹಾ ಆಗುತ್ತದೆ. ಅಣ್ಣನಿಗೆ ಹುಡುಗಿ ನೋಡುತ್ತಿದ್ದ ದಿನಗಳವು. ಸೀರೆ ಮಾರುತ್ತ ಊರೂರು ತಿರುಗಿ ಸಂಬಂಧಗಳನ್ನೂ ಹೊಂದಿಸುವ ರಬಕವಿಯ ಚನಮಲ್ಲಪ್ಪ ಕಾಕಾ, ‘ಇಷ್ಟರಾಗ ಒಂದು ಫೋನ್ ಬರತೈತಿ, ಸ್ವಲ್ಪ ಸಾವರಿಸಿ ಮಾತಾಡು’ ಎಂದು ಅಪ್ಪನಿಗೆ ಹೇಳಿ ಹೋಗಿದ್ದ.

ಫೋನ್ ಬಂತು. ನಿಮ್ಮದು.

ಈ ಪುಸ್ತಿಕೆಯ ಸಮೀಕ್ಷೆಗೆಂದು ಫೋನ್ ಮಾಡಿದ ಆ ಹುಡುಗಿಯ ಮೇಲೆ ತಪ್ಪು ಹೊರಿಸಲಾರೆ. ‘ನಮಸ್ಕಾರ, ವಿಶ್ವವಿದ್ಯಾಲಯದಿಂದ ಮಾತನಾಡುತ್ತಿದ್ದೇನೆ, ಶಿವಪುತ್ರ ಅವರ ಮನೆಯವರಾ?’ ಎಂದು ಪಾಪ ಸರಿಯಾಗಿಯೇ ಕೇಳಿದಳು. ಸ್ಪೀಕರ್ ಹಾಕಿದ್ದರಿಂದ ನಾವೆಲ್ಲ ಕೇಳಿದೆವು. ಅಪ್ಪ ಫೋನಿಗೆ ಅಂಗೈ ಅಡ್ಡ ಹಿಡಿದು ಕಣ್ಣು ಮಿಟುಕಿಸಿದ.

‘ಈ ಸಲ ವಿದ್ಯಾಪೀಠದ ಹೆಸರು ಹೇಳಾಕತ್ತಾರ. ಶಾಣ್ಯಾ ಮಂದಿ ಇದ್ದಾರ.’

‘ಪಗಾರ ಹೆಚ್ಚಿಗಿ ಹೇಳು,’ ಎಂದಳು ಆಯಿ. ‘ಆದರ ಕುರಿ ಎಷ್ಟು ಅಂತ ಮಾತ್ರ ಬಾಯಿ ಬಿಡಬ್ಯಾಡ. ನೆದರ ಆಗತೈತಿ, ಮಂದಿ ಕಣ್ಣ ಬೀಳತೈತಿ.’

ಹಾಗಾಗಿ ಅಣ್ಣನ ಪಗಾರ ಆ ಕ್ಷಣದಲ್ಲಿ ದುಪ್ಪಟ್ಟಾಯಿತು. ನೌಕರಿ ಖಾಯಂ ಆಯಿತು. ಲೆಕ್ಕ ಬರೆಯುವವನು ಮ್ಯಾನೇಜರ್ ಆದ. ‘ಸಾವಕಾರ್ರು ಇವನ್ನ ಕೇಳದ ಒಂದು ನೂಲಿನ ಗಂಟೂ ಬಿಚ್ಚೂದಿಲ್ಲರಿ,’ ಎಂದ ಅಪ್ಪ. ಅಣ್ಣ ಬಾಗಿಲಲ್ಲಿ ನಿಂತು, ತನ್ನ ಬಗ್ಗೆ ಹೊಸ ಸುದ್ದಿ ಕೇಳುವವನ ಹಾಗೆ ಕೇಳುತ್ತಿದ್ದ. ಇಷ್ಟು ಹೇಳಿದ ಮೇಲೆ ತಿರುಗಿ ಕೇಳದಿದ್ದರೆ ಹೇಗೆಂದು ಅಪ್ಪ, ‘ಹುಡುಗಿ ಎಷ್ಟು ಕಲತಾಳರಿ?’ ಎಂದ.

‘ಯಾವ ಹುಡುಗಿ ಸರ್? ನಾನಾ? ನಾನು ಎಂ.ಕಾಂ. ಸರ್.’

ಅಪ್ಪನ ಅಂಗೈ ಮತ್ತೆ ಫೋನಿನ ಮೇಲೆ ಬಂತು. ‘ಯವ್ವಾ, ಹುಡುಗಿ ತಾನ ಮಾತಾಡಾಕತ್ತಾಳ! ಎಂ.ಕಾಂ. ಅಂತ!’

‘ಭಾಳ ಧೈರ್ಯದಾಕಿ,’ ಎಂದಳು ಆಯಿ, ಮೆಚ್ಚಿಗೆಯಿಂದಲೋ ಭಯದಿಂದಲೋ ತಿಳಿಯಲಿಲ್ಲ.

ಅಷ್ಟರಲ್ಲಿ ಎಂ.ಕಾಂ. ಹುಡುಗಿ, ‘ನಿಮ್ಮ ಮನೆಯ ಭಾಗ್ಯಾ ಅವರೂ ನಮ್ಮ ಪದವೀಧರೆ. ಅವರ ಆದಾಯ ಎಷ್ಟು ಸರ್?’ ಎಂದಳು. ಅಪ್ಪನ ಮುಖ ಗಂಭೀರವಾಯಿತು. ನಮ್ಮಲ್ಲಿ ಒಂದು ಮನೆಯಿಂದ ಸೊಸೆ ತಂದು ಅದೇ ಮನೆಗೆ ಮಗಳನ್ನು ಕೊಡುವ ಸಾಟಿ ಸಂಬಂಧಗಳಿವೆ. ‘ಸಾಟಿ ಕೇಳಾಕತ್ತಾರ,’ ಎಂದು ಪಿಸುಗುಟ್ಟಿದ. ಹುಡುಗನ ಪಗಾರ ಏರಿಸುವ ಬಾಯಿ ಹುಡುಗಿಯದನ್ನು ಇಳಿಸುತ್ತದೆ, ಸರ್. ದುಡಿಯುವ ಹುಡುಗಿ ಎಂದರೆ ಒಬ್ಬರು ‘ಅಡಗಿ ಯಾರು ಮಾಡ್ತಾರ?’ ಎನ್ನುತ್ತಾರೆ, ಇನ್ನೊಬ್ಬರು ‘ಲಗ್ನ ಆದಮ್ಯಾಲ ಪಗಾರ ಯಾರ ಮನಿಗೆ?’ ಎನ್ನುತ್ತಾರೆ. ಹಾಗಾಗಿ ಅಪ್ಪ ಅತ್ಯಂತ ವಿನಯದಿಂದ, ‘ಏನೂ ಇಲ್ಲರಿ. ಮನ್ಯಾಗ ಇರತಾಳ. ಹೊರಗ ಹೋಗಿದ್ದ ಗೊತ್ತಿಲ್ಲ,’ ಎಂದ.

ಅಕ್ಕ ಆಗಷ್ಟೇ ಪಾಳಿ ಮುಗಿಸಿ ಬಂದು, ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿದ್ದ ಹಾಗೇ ಕೈ ತೊಳೆಯುತ್ತಿದ್ದಳು.

‘ಅಪ್ಪಾ, ಆ ಫೋನಿಗೆ ರೀಚಾರ್ಜ್ ಮಾಡಿಸಿದಾಕಿ ಯಾರು?’

‘ಸುಮ್ಮಕಿರ ಬೇ, ಅವರಿಗೆ ಕೇಳತೈತಿ.’

ಫೋನ್ ಇಟ್ಟ ಮೇಲೆ ಅಣ್ಣ ಆ ನಂಬರನ್ನು ‘ಕನ್ಯಾ ಎಂಕಾಂ’ ಎಂದು ಸೇವ್ ಮಾಡಿಕೊಟ್ಟ. ಯಾರೂ ಬರಲಿಲ್ಲ. ಕೆಲವು ವಾರ ಕಾದು, ಎಂ.ಕಾಂ. ಓದಿದವರು ಬಿ.ಕಾಂ.ಗೆ ಒಪ್ಪಲಿಕ್ಕಿಲ್ಲ ಎಂದು ಅಪ್ಪ ಸಮಾಧಾನ ಮಾಡಿಕೊಂಡ. ನಾನು ಅಕ್ಕ ತುಂಬಿಕೊಟ್ಟ ಅರ್ಜಿ ಹಿಡಿದು, ಜಮಖಂಡಿಯಿಂದ ಅರ್ಧ ದಿನದ ಬಸ್ಸು ಹತ್ತಿ ನಿಮ್ಮ ಹಾಸ್ಟೆಲಿಗೆ ಬಂದೆ.

ಈಗ ಪುಸ್ತಿಕೆ ಬಂದಿದೆ. ಸೆಮಿಸ್ಟರ್ ರಜೆಗೆ ಮನೆಗೆ ಹೋದಾಗ ಅಣ್ಣ ಅದನ್ನು ಮೊಬೈಲಿನಲ್ಲಿ ತೆರೆದು ಎಲ್ಲರಿಗೂ ತೋರಿಸಿದ. ಅಪ್ಪ ಬಹಳ ಹೊತ್ತು ಗುಲಾಬಿ ಕಂಬವನ್ನು ನೋಡಿದ.

‘ನಗಣ್ಯ ಅಂದರೇನ ಬೇ?’

‘ಲೆಕ್ಕಕ್ಕ ಹಿಡಿಯೂವಷ್ಟು ಇಲ್ಲ ಅಂತ, ಅಪ್ಪಾ,’ ಎಂದೆ.

‘ಹಂಗಾರ ಒಂದು ವರ್ಷ ಆತಲ್ಲ, ಸಾಕು. ವಿದ್ಯಾಪೀಠದವರೇ ಲುಕ್ಸಾನ ಅಂತ ಬರದ ಮ್ಯಾಲ ನಾವು ಯಾಕ ರೊಕ್ಕಾ ಹಾಕೂದು?’

ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಸರ್. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ನನ್ನ ಹಾಸ್ಟೆಲ್ ಖರ್ಚಿನ ಅರ್ಧ ಅಕ್ಕನ ಪಗಾರದಿಂದ ಹೋಗುತ್ತದೆ. ಲುಕ್ಸಾನದ ಕೆಲಸಕ್ಕೆ ಆಕೆಯ ದುಡಿಮೆ ಸುರಿಯುವುದು ನ್ಯಾಯವಲ್ಲ ಎನ್ನುವುದು ಅಪ್ಪನ ಮಾತು. ನೀವು ಸೊನ್ನೆ ಎಂದು ಬರೆದುಕೊಂಡ ಆ ಪಗಾರವೇ ಈ ವರ್ಷ ನನ್ನನ್ನು ಓದಿಸಿತು. ಅದನ್ನು ಸೊನ್ನೆ ಎಂದು ಹೇಳಿದವನೇ ಈಗ ನಿಮ್ಮ ಪುಸ್ತಿಕೆ ಹಿಡಿದು ಅದನ್ನು ಉಳಿಸಲು ಹೊರಟಿದ್ದಾನೆ. ಇಂಥ ಪ್ರತಿಫಲಕ್ಕೆ ನಿಮ್ಮ ಪುಸ್ತಿಕೆಯಲ್ಲಿ ಯಾವ ಬಣ್ಣದ ಕಂಬ ಇದೆ?

ಅಂಕಿ ಹೇಗೆ ಬಂತೆಂದು ಕೇಳೋಣ ಎಂದು ಅಪ್ಪನ ಫೋನಿನಿಂದಲೇ ಪುಸ್ತಿಕೆಯ ಹಿಂಬದಿಯ ನಂಬರ್ ಒತ್ತಿದೆ. ಪರದೆಯ ಮೇಲೆ ‘ಕನ್ಯಾ ಎಂಕಾಂ’ ಎಂದು ಬಂತು.

‘ಏ ಹುಚ್ಚಿ, ಕನ್ಯಾದವರಿಗೆ ಯಾಕ ಹಚ್ಚಿದಿ? ಇಡು, ಇಡು!’

‘ಅಪ್ಪಾ, ಇದು ವಿಶ್ವವಿದ್ಯಾಲಯದ ನಂಬರ್. ಪುಸ್ತಿಕೆ ಮ್ಯಾಲ ಐತಿ ನೋಡು.’

ಅಪ್ಪ ಅಣ್ಣನ ಮೊಬೈಲಿನಲ್ಲಿದ್ದ ನಂಬರನ್ನೂ ತನ್ನ ಪರದೆಯ ಮೇಲಿನದನ್ನೂ ಹೋಲಿಸಿ ನೋಡಿದ. ಫೋನಿನೊಳಗಿಂದ, ಈ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯ ಇಲ್ಲವೆಂದು ಒಬ್ಬಾಕೆ ಹೇಳುತ್ತಿದ್ದಳು. ಊರೆಲ್ಲರ ಪಗಾರ ಕೇಳುವ ಸೌಲಭ್ಯವಿದ್ದು ತಿರುಗಿ ಕೇಳಿಸಿಕೊಳ್ಳುವ ಸೌಲಭ್ಯ ಇಲ್ಲದ ನಂಬರನ್ನು ಸಂಪರ್ಕಕ್ಕೆಂದು ಅಚ್ಚು ಹಾಕಿಸಿದ ಬುದ್ಧಿಗೆ ನಮಸ್ಕಾರ. ಆಯಿ ಕೊನೆಗೆ, ‘ಹಂಗಾರ ಆ ಹುಡುಗಿ ಖರೆನ ಹೇಳಿದ್ದಳಲ್ಲೋ, ಪಾಪ,’ ಎಂದಳು.

ನನಗೆ ಖುಷಿಯಾಯಿತು. ಸಮಸ್ಯೆ ಮುಗಿಯಿತು ಎಂದುಕೊಂಡೆ. ‘ಅಪ್ಪಾ, ಈ ಗುಲಾಬಿ ಕಂಬ ನೀನ ಹೇಳಿದ್ದು. ಅಕ್ಕನ ಪಗಾರ ಇಲ್ಲ ಅಂದಾವ ನೀನ!’ ಎಂದೆ.

‘ನಾ ಒಬ್ಬಾವ ಹೇಳಿದ್ದಕ್ಕ ಇಷ್ಟು ದೊಡ್ಡ ಪುಸ್ತಕಾ ಬದಲ ಆಗತೈತೇನ? ಉಳಿದ ಮಂದಿ ಖರೆ ಹೇಳಿರತಾರ.’

‘ಹಂಗಾರ ಅಕ್ಕ ದುಡಿಯೂದು?’

‘ಭಾಗ್ಯಾಂದು ನಸೀಬ. ಪುಸ್ತಕದಾಗ ಬರದದ್ದು ಎಲ್ಲಾರದೂ.’

ಸರ್, ನಿಮ್ಮ ಪುಸ್ತಿಕೆಯ ಶಕ್ತಿಯನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ತಾನೇ ಹೇಳಿದ ಸುಳ್ಳು ಬಣ್ಣದ ಕಾಗದದಲ್ಲಿ, ವಿಶ್ವವಿದ್ಯಾಲಯದ ಮುದ್ರೆಯೊಂದಿಗೆ ತಿರುಗಿ ಬಂದರೆ, ಹೇಳಿದವನೇ ಅದನ್ನು ನಂಬುತ್ತಾನೆ. ಕಣ್ಣೆದುರು ಕೈ ತೊಳೆಯುತ್ತಿರುವ ಮಗಳು ನಸೀಬ ಆಗಿಬಿಡುತ್ತಾಳೆ.

ನೀಲಿ ಕಂಬವೂ ಸುಮ್ಮನೆ ಕೂತಿಲ್ಲ. ಹೋದ ತಿಂಗಳು ಬೀಳಗಿಯ ಕಡೆಯಿಂದ ಅಣ್ಣನನ್ನು ನೋಡಲು ಖರೆಖರೆ ಕನ್ಯಾದವರೇ ಬಂದಿದ್ದರು. ಅಣ್ಣನ ಪಗಾರವನ್ನು ನೂಲಿನ ಅಂಗಡಿಯಲ್ಲೇ ವಿಚಾರಿಸಿಕೊಂಡು ಬಂದಿದ್ದ ಹುಡುಗಿಯ ತಂದೆ ಚಹಾ ಕುಡಿದು, ಕಿಸೆಯಿಂದ ಮೊಬೈಲ್ ತೆಗೆದು, ನಿಮ್ಮ ಪುಸ್ತಿಕೆಯ ಬಿ.ಕಾಂ. ಪುಟ ತೋರಿಸಿದರು. ‘ಎಲ್ಲಾ ಬಿ.ಕಾಂ. ಹುಡುಗರೂ ಆ್ಯವರೇಜ್ ಇಷ್ಟು ದುಡೀತಾರಂತ, ನಿಮ್ಮ ಹುಡುಗಂದು ಯಾಕ ಕಮ್ಮಿರಿ? ಏನರ ಚಟಾ ಐತೇನ?’ ಎಂದು ಕೇಳಿದರು. ಅಣ್ಣನಿಗೆ ಅಡಿಕೆ ತಿನ್ನುವ ಚಟವೂ ಇಲ್ಲ. ಆ ಕಂಬವನ್ನು ಮೇಲಕ್ಕೆತ್ತಲು ತಾನೂ ಕೈ ಹಚ್ಚಿದ್ದು ನೆನಪಾಗಿ ಅಪ್ಪ ಮೀಸೆ ಸವರಿಕೊಂಡು ಕೂತ. ಸಂಬಂಧ ಅಲ್ಲಿಗೇ ನಿಂತಿತು. ಅವರು ಹೋದ ಮೇಲೆ ಅಪ್ಪನ ತೀರ್ಪು: ‘ಗಂಡುಮಕ್ಕಳದ್ದು ತಪ್ಪ ಬರದಾರ. ಹೆಣ್ಣುಮಕ್ಕಳದ್ದು ಬರೋಬರಿ ಐತಿ.’

ಇದು ಒಂದೇ ಮನೆಯ ತಮಾಷೆ ಎಂದು ನೀವು ಫೈಲು ಮುಚ್ಚಬಹುದು. ಹಾಸ್ಟೆಲಿನಲ್ಲಿ ವಿಚಾರಿಸಿದೆ. ನನ್ನ ರೂಮಿನ ರಾಜೇಶ್ವರಿ ರಬಕವಿಯ ನೇಕಾರರ ಮನೆಯವಳು. ಅವಳ ಅಕ್ಕ ಬಿ.ಎ. ಮುಗಿಸಿ, ಮನೆಯ ಮಗ್ಗದ ಸೀರೆಗಳನ್ನು ಮೊಬೈಲಿನಲ್ಲಿ ತೋರಿಸಿ ಪುಣೆ ಸೊಲ್ಲಾಪುರದವರೆಗೆ ಮಾರುತ್ತಾಳೆ. ನಿಮ್ಮ ಫೋನ್ ಹೋದಾಗ ಅವರಿಗೆ ಲಗ್ನ ನೆನಪಾಗಲಿಲ್ಲ, ರೇಷನ್ ಕಾರ್ಡು ನೆನಪಾಯಿತು. ಆದಾಯ ಕೇಳುವ ಸರಕಾರಿ ದನಿ ಎಂದರೆ ಕಾರ್ಡು ಕಿತ್ತುಕೊಳ್ಳಲು ಬಂದದ್ದೇ ಎಂದು ಅವರ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಅಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕೂಡಿಯೇ ಬಡವರಾದರು. ‘ನಮ್ಮಕ್ಕ ಅವತ್ತ ಸೀರಿ ಪಾರ್ಸೆಲ್ ಕಟ್ಟಾಕತ್ತಿದ್ದಳು, ನಮ್ಮವ್ವ ಆಕಿ ಮಗ್ಗಲಕ್ಕ ಕುಂತ ಏನೂ ಇಲ್ಲರಿ ಅಂದಳು,’ ಎಂದು ರಾಜೇಶ್ವರಿ ನಗುತ್ತಾಳೆ. ಅಂದರೆ ಸರ್, ನಿಮ್ಮ ಆ್ಯವರೇಜು ನಮ್ಮ ಮನೆಯ ಲಗ್ನದ ಆಸೆಯನ್ನೂ ಅವರ ಮನೆಯ ಕಾರ್ಡಿನ ಭಯವನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದು. ಸ್ಟ್ಯಾಟಿಸ್ಟಿಕ್ಸ್ ಸರ್‌ಗೆ ಇದನ್ನು ಹೇಳಿದೆ. ಅವರು ನಕ್ಕು, ಇಂಥ ಸ್ಯಾಂಪಲ್ ಸಿಲಬಸ್ಸಿನಲ್ಲಿಲ್ಲ ಎಂದರು.

ಇನ್ನೊಂದು ಮಾತು. ಕುರಿ ಸಾಕುವವರು ಪ್ರತಿಫಲದ ಲೆಕ್ಕ ಹಾಕುವುದು ಹೀಗಲ್ಲ. ಸಂತೆಯಲ್ಲಿ ಬಂದ ಬೆಲೆಯಷ್ಟೇ ಕುರಿಯ ಲಾಭ ಎಂದರೆ ಅಪ್ಪ ನಗುತ್ತಾನೆ. ಹಿಂಡು ಒಬ್ಬರ ಹೊಲದಲ್ಲಿ ತಂಗಿದರೆ ಗೊಬ್ಬರಕ್ಕೆಂದು ಹೊಲದವರು ಕಾಳು ಕೊಡುತ್ತಾರೆ, ಉಣ್ಣೆಯಿಂದ ಕಂಬಳಿಯಾಗುತ್ತದೆ, ಮರಿಗಳಿರುತ್ತವೆ. ಅಕ್ಕನ ಪದವಿಯೂ ಹಾಗೇ. ಕುರಿ ಔಷಧದ ಬಾಟಲಿಯ ಮೇಲಿನ ಇಂಗ್ಲಿಷ್ ಓದಿ ಎಷ್ಟು ಕುಡಿಸಬೇಕೆಂದು ಹೇಳುವವಳು ಆಕೆ. ಅಕ್ಕಪಕ್ಕದ ಹಿಂಡಿನವರೂ ಬಾಟಲಿ ಹಿಡಿದು ಬರುತ್ತಾರೆ. ಓಣಿಯ ಹುಡುಗಿಯರ ಕಾಲೇಜಿನ ಅರ್ಜಿಗಳು ಆಕೆಯ ಕೈಯಲ್ಲೇ ತುಂಬುತ್ತವೆ. ಇವನ್ನೆಲ್ಲ ಪುಸ್ತಿಕೆಗೆ ಸೇರಿಸಿ ಎಂದು ನಾನು ಹೇಳುವುದಿಲ್ಲ, ಅಷ್ಟೊಂದು ಬಣ್ಣ ನಿಮ್ಮ ಅಚ್ಚುಕೂಟದಲ್ಲಿ ಇರಲಿಕ್ಕಿಲ್ಲ. ಆಕೆಯ ಪಗಾರವನ್ನಾದರೂ ಇದ್ದಷ್ಟು ಬರೆಯಿರಿ ಎನ್ನುತ್ತೇನೆ.

ಖರೆ ಹೇಳಲೇ? ನನಗೂ ಭಯವಿದೆ. ಅಕ್ಕನ ಕೆಲಸ ಖಾಯಂ ಅಲ್ಲ. ಗಾಣ ನಿಂತರೆ ಲ್ಯಾಬೂ ನಿಲ್ಲುತ್ತದೆ, ಮುಂದಿನ ಹಂಗಾಮಿಗೆ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ವರ್ಷ ಕಾಯುತ್ತಾಳೆ. ಆಕೆಯ ಜೊತೆ ಓದಿದ ಕೆಲವರಿಗೆ ನಿಜವಾಗಿಯೂ ಕೆಲಸ ಸಿಕ್ಕಿಲ್ಲ. ಎಲ್ಲ ಲೆಕ್ಕ ಸರಿಪಡಿಸಿದ ಮೇಲೂ ಗುಲಾಬಿ ಕಂಬ ಗಿಡ್ಡವಾಗಿಯೇ ಉಳಿದರೆ? ಲೈಬ್ರರಿಯಲ್ಲಿ ಕೂತಾಗ ಒಮ್ಮೊಮ್ಮೆ ಇದೇ ಯೋಚನೆ ಬಂದು ಓದಿದ್ದು ತಲೆಗೆ ಹತ್ತುವುದಿಲ್ಲ. ಆದರೆ ನಿಜವಾಗಿಯೂ ಗಿಡ್ಡವಿದ್ದರೆ ಅದನ್ನು ಎದುರಿಟ್ಟುಕೊಂಡು ಅಪ್ಪನ ಜೊತೆ ಜಗಳವಾಡುತ್ತೇನೆ, ಬೇರೇನು ಓದಬಹುದು, ಎಲ್ಲಿ ಕೆಲಸವಿದೆ ಎಂದು ಹುಡುಕುತ್ತೇನೆ. ನಮ್ಮ ಮನೆಯ ಪಡಸಾಲೆಯಲ್ಲೇ ಹುಟ್ಟಿದ ಸುಳ್ಳಿಗಾಗಿ ಕಾಲೇಜು ಬಿಟ್ಟೆ ಎಂದು ಮುಂದೆ ಯಾರಿಗೆ ಹೇಳಲಿ?

ಹಾಗಾಗಿ ಕೇಳುವುದು ಹೆಚ್ಚೇನಲ್ಲ. ಸಮೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಲಗ್ನದ ಹಂಗಾಮು ಬಿಟ್ಟು ಮಾಡಿಸಿ. ಮನೆಯ ಹಿರಿಯರನ್ನು ಕೇಳುವ ಬದಲು ಓದಿದವರನ್ನೇ ಕೇಳಿ. ಅಕ್ಕನ ನಂಬರ್ ನಿಮ್ಮದೇ ಪ್ರವೇಶ ಅರ್ಜಿಯಲ್ಲಿದೆ. ಯಾಕೆ ಕೇಳುತ್ತಿದ್ದೀರಿ, ಇದಕ್ಕೂ ರೇಷನ್ ಕಾರ್ಡಿಗೂ ಸಂಬಂಧವಿಲ್ಲ ಎಂದು ಮೊದಲೇ ಒಂದು ಮೆಸೇಜ್ ಕಳಿಸಿ. ಆ ಎಂ.ಕಾಂ. ಹುಡುಗಿಯನ್ನು ಮಾತ್ರ ಕೆಲಸದಿಂದ ತೆಗೆಯಬೇಡಿ. ಆಕೆಯ ದನಿ ಚೆನ್ನಾಗಿತ್ತು.

ಇದೆಲ್ಲ ಆಗಲು ಕಮಿಟಿ ಬೇಕು, ಮೀಟಿಂಗ್ ಬೇಕು, ವರ್ಷ ಹಿಡಿಯುತ್ತದೆ ಎಂದು ನನಗೆ ಗೊತ್ತು. ನನಗೆ ಅಷ್ಟು ಸಮಯವಿಲ್ಲ. ರಜೆ ಮುಗಿಸಿ ಹೊರಡುವಾಗ ಬಸ್ ಸ್ಟ್ಯಾಂಡಿನವರೆಗೆ ನನ್ನ ಚೀಲ ಹೊತ್ತುಕೊಂಡು ಬಂದ ಅಪ್ಪ, ‘ಅವರೇ ಬರದಾರ, ತಪ್ಪಾತು ಅಂತ ಅವರೇ ಬರದು ಕೊಡ್ಲಿ. ನಾ ಫೀ ತುಂಬತೇನಿ, ನನಗೇನ ನಿನ್ನ ಬಿಡಸೂ ಹೌಸ ಐತೇನ?’ ಎಂದ. ಆ ಮಾತಿನ ಮೇಲೆ ನಿಂತು ಕೇಳುತ್ತಿದ್ದೇನೆ: ಬಿ.ಎಸ್ಸಿ. ಪುಟದ ಅಂಕಿಗಳನ್ನು ಮರುಪರಿಶೀಲಿಸಲಾಗುತ್ತಿದೆ, ಅವನ್ನು ನಂಬಿ ಯಾರನ್ನೂ ಓದು ಬಿಡಿಸಬಾರದು ಎಂದು ಎರಡು ಸಾಲು ಬರೆದು, ಕೆಳಗೆ ನಿಮ್ಮ ದುಂಡನೆಯ ಮುದ್ರೆ ಒತ್ತಿ ಅಪ್ಪನ ಹೆಸರಿಗೆ ಕಳಿಸಿ. ವಿಳಾಸ ಹಾಸ್ಟೆಲ್ ಆಫೀಸಿನಲ್ಲಿ ಕೊಟ್ಟಿದ್ದೇನೆ.

ಎರಡನೇ ವರ್ಷದ ಪ್ರವೇಶಕ್ಕೆ ಈ ತಿಂಗಳ ಕೊನೆಯೇ ಕಡೆಯ ದಿನ. ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ಸದ್ಯಕ್ಕೆ ತಮ್ಮ ವಿದ್ಯಾರ್ಥಿನಿ,
ಉಮಾಶ್ರೀ
ಬಿ.ಎಸ್ಸಿ. ಮೊದಲ ವರ್ಷ, ಹುಡುಗಿಯರ ಹಾಸ್ಟೆಲ್